ಬಂದು ಕರ್ಕೊಂಡು ಹೋಗಿ

ಇಲ್ಲಿ ಬರೆಯದೆ ತುಂಬಾ ದಿನ ಆಯ್ತು. ಹೋದ ವಾರ ವೀಸಾ ವಿಸ್ತರಣೆಗೆ ಕಾಗದ ಪತ್ರ ಜೋಡಿಸ್ತಾ, ಅದೂ ಇದೂ ಹುಡುಕ್ತಾ ಇದ್ದಾಗ ಒಂದು ತೀರ್ಪು ಕಣ್ಣಿಗೆ ಬಿತ್ತು. ರಾತ್ರಿ ಎರಡು ಗಂಟೆ ತನಕ ಓದಿದೆ. ಆಮೇಲೆ ನಿದ್ದೆ ಬರಲಿಲ್ಲ.

'ರಾಂಟ್ಸೆವ್ ವಿರುದ್ಧ ಸೈಪ್ರಸ್ ಮತ್ತು ರಷ್ಯಾ'. ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2010ರ ಜನವರಿ 7ರಂದು ಕೊಟ್ಟ ತೀರ್ಪು.

2001ರ ಮಾರ್ಚ್. ರಷ್ಯಾದ ಇಪ್ಪತ್ತು ವರ್ಷದ ಹುಡುಗಿಯೊಬ್ಬಳು 'ಕಲಾವಿದೆ' ವೀಸಾದಲ್ಲಿ ಸೈಪ್ರಸ್‌ಗೆ ಬಂದು ಲಿಮಸೋಲ್‌ನ ಒಂದು ಕ್ಯಾಬರೆಗೆ ಸೇರ್ತಾಳೆ. ಮೂರೇ ದಿನಕ್ಕೆ 'ಸುಸ್ತಾಗಿದೆ, ಊರಿಗೆ ಹೋಗ್ತೀನಿ' ಅಂತ ಚೀಟಿ ಬರೆದಿಟ್ಟು ಹೊರಟುಬಿಡ್ತಾಳೆ. ಕೆಲವು ದಿನಗಳ ನಂತರ ಡಿಸ್ಕೋ ಒಂದರಲ್ಲಿ ಅವಳು ಸಿಕ್ಕಾಗ ಕ್ಯಾಬರೆಯ ಮ್ಯಾನೇಜರ್ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಪೊಲೀಸ್ ಠಾಣೆಗೆ ಕರೆತಂದು, 'ಇವಳನ್ನ ಹಿಡಿದಿಟ್ಕೊಳ್ಳಿ' ಅಂತಾನೆ. ಅವಳನ್ನ ಗಡೀಪಾರು ಮಾಡಿದ್ರೆ ಆ ಜಾಗಕ್ಕೆ ಇನ್ನೊಬ್ಬಳನ್ನ ತರಿಸ್ಕೋಬಹುದು ಅನ್ನೋದು ಅವನ ಲೆಕ್ಕ.

ಪೊಲೀಸರು ವಿಚಾರಿಸಿದ್ರು. ಅವಳೇನೂ ಅಕ್ರಮವಾಗಿ ಇರಲಿಲ್ಲ. ಹಾಗಾದ್ರೆ ಬಿಟ್ಟುಬಿಡಬೇಕಿತ್ತು ಅಲ್ವಾ? ಅವರು ಮಾಡಿದ್ದು ಏನು ಗೊತ್ತಾ? ಅದೇ ಮ್ಯಾನೇಜರ್‌ಗೆ ಹೇಳಿ ಕಳಿಸಿದ್ರು, ಬಂದು ಕರ್ಕೊಂಡು ಹೋಗಿ ಅಂತ. ಅವನು ತನ್ನ ನೌಕರನೊಬ್ಬನ ಫ್ಲಾಟಿಗೆ ಕರ್ಕೊಂಡು ಹೋದ. ಆರೂವರೆ ಹೊತ್ತಿಗೆ ಆ ಕಟ್ಟಡದ ಕೆಳಗೆ ರಸ್ತೆಯಲ್ಲಿ ಅವಳ ಹೆಣ. ಮೇಲೆ ಬಾಲ್ಕನಿಯ ಕಂಬಿಗೆ ಹಾಸಿಗೆಯ ಹೊದಿಕೆ ಸುತ್ತಿತ್ತು.

ಅವಳು ಹೇಗೆ ಸತ್ತಳು ಅನ್ನೋದು ಸರಿಯಾಗಿ ತನಿಖೆಯೇ ಆಗಲಿಲ್ಲ. ಅಪ್ಪ ಬಿಡಲಿಲ್ಲ, 2004ರಲ್ಲಿ ಸ್ಟ್ರಾಸ್‌ಬರ್ಗ್‌ಗೆ ಹೋದರು. ಸೈಪ್ರಸ್ ತಪ್ಪೊಪ್ಪಿಕೊಂಡು ಪರಿಹಾರ ಕೊಟ್ಟು ಕೇಸು ಮುಗಿಸೋಕೆ ನೋಡಿತು. ನ್ಯಾಯಾಲಯ ಒಪ್ಪಲಿಲ್ಲ, ವಿಚಾರಣೆ ನಡೆಸಿಯೇ ತೀರಿತು.

1950ರ ಯುರೋಪಿಯನ್ ಒಡಂಬಡಿಕೆಯ ನಾಲ್ಕನೇ ವಿಧಿ ಗುಲಾಮಗಿರಿ, ಜೀತ, ಬಲವಂತದ ದುಡಿಮೆಯನ್ನ ನಿಷೇಧಿಸುತ್ತೆ. ಮಾನವ ಸಾಗಣೆ ಅನ್ನೋ ಪದವೇ ಅದರಲ್ಲಿಲ್ಲ. ಆದರೂ ಅದು ಈ ವಿಧಿಯೊಳಗೇ ಬರುತ್ತೆ ಅಂತ ನ್ಯಾಯಾಲಯ ಹೇಳಿತು. ಕಾನೂನು ಬರೆದಿಟ್ರೆ ಸಾಲದು, ಅಪಾಯದ ಸುಳಿವು ಸಿಕ್ಕಾಗ ಸರ್ಕಾರವೇ ಕಾಪಾಡಬೇಕು, ತನಿಖೆ ಮಾಡಬೇಕು. ಅವಳನ್ನ ಹೇಗೆ ನೇಮಿಸಿಕೊಂಡ್ರು ಅಂತ ವಿಚಾರಿಸದ ರಷ್ಯಾ ಕೂಡ ತಪ್ಪಿತಸ್ಥ ಅಂತಾಯ್ತು. ಪರಿಹಾರ: ಸೈಪ್ರಸ್‌ನಿಂದ 40,000 ಯೂರೋ, ರಷ್ಯಾದಿಂದ 2,000.

ನನಗೆ ಹೆಚ್ಚು ಚುಚ್ಚಿದ್ದು ವೀಸಾ ವಿಷಯ. ಆ ವೀಸಾಕ್ಕೆ ಅರ್ಜಿ ಹಾಕೋನು ಮಾಲೀಕ, ಬ್ಯಾಂಕ್ ಗ್ಯಾರಂಟಿ ಕೊಡೋನು ಮಾಲೀಕ, ಹುಡುಗಿ ಬಿಟ್ಟುಹೋದ್ರೆ ವರದಿ ಮಾಡಬೇಕಾದೋನೂ ಅವನೇ. ಪೊಲೀಸರು 'ಬಂದು ಕರ್ಕೊಂಡು ಹೋಗಿ' ಅಂದಿದ್ದು ಕೆಟ್ಟ ಮನಸ್ಸಿಂದ ಅಂತ ನನಗನಿಸಲ್ಲ. ಕಾಗದದ ಪ್ರಕಾರ ಅವಳು 'ಅವನ ಕಡೆಯವಳು'. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬಗ್ ಇದ್ದಿದ್ದು ಡಿಸೈನಲ್ಲೇ.

ಅಮೆರಿಕದ ನನ್ನ ವೀಸಾ ಮೇಲೂ ಕಂಪನಿ ಹೆಸರಿದೆ. ನನ್ನ ಪಾಡನ್ನ ಅವಳದಕ್ಕೆ ಹೋಲಿಸಿದ್ರೆ ಅದು ಪಾಪ. ಪಾಸ್‌ಪೋರ್ಟ್ ನನ್ನ ಡ್ರಾಯರ್‌ನಲ್ಲೇ ಇದೆ, ಬೇಕಾದ್ರೆ ಕಂಪನಿ ಬದಲಾಯಿಸಬಹುದು. ಆದ್ರೂ ಎಷ್ಟು ಮೀಟಿಂಗ್‌ಗಳಲ್ಲಿ 'ಇದು ಸರಿಯಿಲ್ಲ' ಅನ್ನೋದನ್ನ ಆ ಹೆಸರು ನೆನಪಾಗಿ ನುಂಗಿಕೊಂಡಿದ್ದೀನಿ ಅಂತ ನನಗೇ ಗೊತ್ತು.

ಇಷ್ಟೆಲ್ಲಾ ಇರೋ ನಾನೇ ಬಾಯಿ ಮುಚ್ಚಿಕೊಂಡು ಕೂರ್ತೀನಿ. ಅವಳು ಮೂರೇ ದಿನಕ್ಕೆ ಚೀಟಿ ಬರೆದಿಟ್ಟು ಹೊರಟಿದ್ದಳು.

ನೀವೇನಂತೀರಿ?