ಗುಮ್ಮನಿಗೂ ವಯಸ್ಸಾಗುತ್ತದೆ

ಮಕ್ಕಳನ್ನು ಹೆದರಿಸುವುದಕ್ಕೆಂದೇ ನಮ್ಮ ಮನೆಗಳಲ್ಲಿ ಒಬ್ಬ ಗುಮ್ಮ ಇರುತ್ತಾನೆ. ಊಟ ಮಾಡದಿದ್ದರೂ ಅವನೇ, ನಿದ್ದೆ ಮಾಡದಿದ್ದರೂ ಅವನೇ. ಪುರಂದರದಾಸರ ಕೃಷ್ಣ ಕೂಡ ಗುಮ್ಮನನ್ನು ಕರೆಯಬೇಡವೆಂದು ಅಮ್ಮನನ್ನು ಬೇಡಿಕೊಂಡವನು ತಾನೆ? ಆದರೆ ಮಕ್ಕಳು ದೊಡ್ಡವರಾದ ಮೇಲೆ ಈ ಗುಮ್ಮ ಎಲ್ಲಿಗೆ ಹೋಗುತ್ತಾನೆ? ಮೂವತ್ತು ವರ್ಷ ಪಾಠ ಹೇಳಿದ ಮೇಲೆ ಈಗೀಗ ನನಗೊಂದು ಅನುಮಾನ. ಅವನು ಎಲ್ಲಿಗೂ ಹೋಗುವುದಿಲ್ಲ. ನಮ್ಮ ಜೊತೆಗೇ ಅವನಿಗೂ ವಯಸ್ಸಾಗುತ್ತದೆ, ಅಷ್ಟೇ.

ನನ್ನ ತವರು ಬಂಗಾರಪೇಟೆ. ಚಿಕ್ಕಮ್ಮನನ್ನು ಕೊಟ್ಟಿದ್ದು ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್‌ಗೆ. ಚಿಕ್ಕಪ್ಪನಿಗೆ ಗಣಿಯ ಒಳಗಡೆ ಕೆಲಸ. ಬೇಸಿಗೆ ರಜೆ ಬಂತೆಂದರೆ ಮಾರಿಕುಪ್ಪಂ ರೈಲು ಹತ್ತಿ ಅಲ್ಲಿಗೆ ಹೋಗುವುದೇ ನಮಗೆ ಕಾಶಿಯಾತ್ರೆ. 1976ರ ಬೇಸಿಗೆ ಇರಬೇಕು, ನನಗೆ ಆರು ವರ್ಷ. ಒಂದು ರಾತ್ರಿ ಎಲ್ಲರೂ ಸಾಲಾಗಿ ಮಲಗಿದ್ದೆವು. ಇದ್ದಕ್ಕಿದ್ದಂತೆ ನೆಲದೊಳಗೆ 'ಧಡ್' ಎಂದು ಸದ್ದಾಯಿತು. ಮನೆ ಅಲುಗಿತು. ಗೂಡಿನಲ್ಲಿದ್ದ ಪಾತ್ರೆಗಳು ಗಲಗಲ ಎಂದವು, ಒಂದು ಲೋಟ ಕೆಳಗೆ ಬಿತ್ತು.

ಆ ಊರಿನವರಿಗೆ ಇದು ಹೊಸದಲ್ಲ. ಚಾಂಪಿಯನ್ ರೀಫ್ಸ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಕೆಳಗೆ ಬಂಡೆಯನ್ನು ಕೊರೆದು ತೆಗೆದಾಗ, ಉಳಿದ ಬಂಡೆ ಮೇಲಿನ ಭಾರ ತಾಳಲಾರದೆ ಒಮ್ಮೆಲೇ ಸಿಡಿಯುತ್ತದೆ. 'ರಾಕ್ ಬರ್ಸ್ಟ್' ಎಂಬ ಇಂಗ್ಲಿಷ್ ಮಾತು ಅಲ್ಲಿ ಅಕ್ಷರ ಬಾರದವರ ಬಾಯಲ್ಲೂ ಇತ್ತು.

ಆ ರಾತ್ರಿ ಒಂದೇ ಸದ್ದು ಒಂದೇ ಮನೆಯಲ್ಲಿ ಐದು ಥರ ಕೇಳಿಸಿತು. ಚಿಕ್ಕಮ್ಮನ ಹತ್ತು ತಿಂಗಳ ಕೂಸು ಕಿಟಾರನೆ ಕಿರುಚಿ, ಎತ್ತಿಕೊಂಡ ಕೂಡಲೇ ಸುಮ್ಮನಾಯಿತು. ನೆಲದ ಕೆಳಗೊಬ್ಬ ರಾಕ್ಷಸ ಮಗ್ಗುಲು ಬದಲಿಸಿದನೆಂದು ನನಗೆ ಖಾತ್ರಿಯಾಯಿತು. ಒಂಬತ್ತು ವರ್ಷದ ಅಕ್ಕ ಎದ್ದು ಕೂತು, "ಅಮ್ಮಾ, ಅಪ್ಪ ಯಾವ ಶಾಫ್ಟಲ್ಲಿದ್ದಾರೆ?" ಎಂದಳು. ಹದಿನಾಲ್ಕು ವರ್ಷದ ಅಣ್ಣ ಮುಸುಕೆಳೆದುಕೊಂಡು ನಿದ್ದೆಯಲ್ಲಿರುವಂತೆ ಮಲಗೇ ಇದ್ದ. ಆದರೆ ಹೊದಿಕೆ ನಡುಗುತ್ತಿದ್ದುದನ್ನು ನಾನು ನೋಡಿದೆ. ಚಿಕ್ಕಮ್ಮ ಮಾತ್ರ, "ಏನಿಲ್ಲ, ಮಲಗ್ರೋ" ಎಂದು ಕೂಸನ್ನು ಸೊಂಟಕ್ಕೇರಿಸಿಕೊಂಡು ಬಾಗಿಲು ತೆಗೆದು ನಿಂತಳು. ಬೀದಿಯ ತುಂಬ ಅವಳಂತೆಯೇ ನಿಂತ ಹೆಂಗಸರು. ತಮಿಳಿನವರು, ತೆಲುಗಿನವರು, ಕನ್ನಡದವರು. ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರ ಕಣ್ಣೂ ಶಾಫ್ಟಿನ ದೊಡ್ಡ ಚಕ್ರದ ಕಡೆಗೇ.

ಬೆಳಿಗ್ಗೆ ಚಿಕ್ಕಪ್ಪ ಮೈಯೆಲ್ಲ ಧೂಳು ಮಾಡಿಕೊಂಡು ಬಂದರು. ಊಟದ ಡಬ್ಬಿ ಮರೆತು ಬಂದಿದ್ದಾರೆಂದು ಚಿಕ್ಕಮ್ಮ ಅವರಿಗೆ ಬೈದದ್ದೇ ಬೈದದ್ದು. ಡಬ್ಬಿಗಾಗಿ ಯಾರಾದರೂ ಅಷ್ಟು ಅಳುತ್ತಾರೆಯೆ ಎಂದು ನನಗೆ ಆಶ್ಚರ್ಯವಾಗಿತ್ತು.

ಮುಂದೆ ಬಿ.ಎಡ್. ಓದುವಾಗ ಎರಿಕ್ ಎರಿಕ್‌ಸನ್ ಎಂಬ ಮನೋವಿಜ್ಞಾನಿಯ ಪರಿಚಯವಾಯಿತು. ಹುಟ್ಟಿನಿಂದ ಮುಪ್ಪಿನವರೆಗೆ ಮನುಷ್ಯನ ಬಾಳಿಗೆ ಎಂಟು ಹಂತಗಳೆಂದು ಆತ 1950ರಲ್ಲಿ ಬರೆದ. ಮೊದಲನೆಯದು ನಂಬಿಕೆಯ ಹಂತ. ಅತ್ತರೆ ಯಾರಾದರೂ ಬರುತ್ತಾರೆ ಎಂದು ಕೂಸು ಕಲಿಯುವುದೇ ಅಲ್ಲಿನ ಪಾಠ. ಪರೀಕ್ಷೆಗೆ ಎಂಟನ್ನೂ ಬಾಯಿಪಾಠ ಮಾಡಿದೆ, ಒಳ್ಳೆಯ ಅಂಕವೂ ಬಂತು. ಆ ಎಂಟರಲ್ಲಿ ಐದನ್ನು ಚಿಕ್ಕಮ್ಮನ ಮನೆಯಲ್ಲಿ ಒಂದೇ ರಾತ್ರಿ ಕಂಡಿದ್ದೆನೆಂಬುದು ಮಾತ್ರ ಹೊಳೆಯಲಿಲ್ಲ.

1994ರಲ್ಲಿ ಕೆಲಸಕ್ಕೆ ಸೇರಿದಾಗ ಒಂದನೇ ತರಗತಿಯೇ ಗಂಟುಬಿತ್ತು. ಜೂನ್ ತಿಂಗಳ ಶಾಲೆಯ ಗೇಟನ್ನು ನೀವು ನೋಡಿರುತ್ತೀರಿ. ಮಗುವಿನ ಕೈಗೆ ಬಿಸ್ಕತ್ತು ಕೊಟ್ಟು, ಅದು ಅತ್ತ ತಿರುಗಿದಾಗ ತಾಯಿ ಇತ್ತ ಮಾಯ! ಅಂಥ ಮಗು ದಿನವಿಡೀ ಗೇಟನ್ನೇ ನೋಡುತ್ತ ಕೂರುತ್ತದೆ. "ಹೋಗ್ತೀನಿ, ಗಂಟೆ ಹೊಡೆದಾಗ ಇಲ್ಲೇ ಇರ್ತೀನಿ" ಎಂದು ಹೇಳಿ ಹೋದ ತಾಯಿಯ ಮಗು ಆ ಹೊತ್ತಿಗೆ ಹೆಚ್ಚು ಅತ್ತರೂ ನಾಲ್ಕು ದಿನದಲ್ಲಿ ಆಟಕ್ಕಿಳಿಯುತ್ತಿತ್ತು. ತಾಯಂದಿರಿಗೆ ನಾನು ಹೇಳುತ್ತಿದ್ದುದು ಇಷ್ಟೇ: ಕದ್ದು ಹೋಗಬೇಡಿ, ಹೇಳಿದ ಹೊತ್ತಿಗೆ ತಪ್ಪದೆ ಬನ್ನಿ.

ಐದಾರು ವರ್ಷದವರ ದೆವ್ವಕ್ಕೆ ನಗಬಾರದೆಂದೂ ಕಲಿತೆ. 'ದೆವ್ವ ಇಲ್ಲ' ಎಂದರೆ ಅವರು ನಂಬುವುದಿಲ್ಲ. ಹೇಗಿದೆ, ಬರೆದು ತೋರಿಸು ಎಂದರೆ ಹಲಗೆಯ ಮೇಲೆ ಬಳಪದಲ್ಲಿ ಬರೆದು, ಆಮೇಲೆ ತಾವೇ ಅಳಿಸಿಬಿಡುತ್ತಾರೆ. ಎಂಟೊಂಬತ್ತು ವರ್ಷಕ್ಕೆ ಸಾವು ಅರ್ಥವಾಗತೊಡಗುತ್ತದೆ. ತಾತ ನಿದ್ದೆ ಮಾಡ್ತಿದ್ದಾರೆ ಎಂದು ಸುಳ್ಳು ಹೇಳಿದರೆ ಮಗು ನಿದ್ದೆಗೇ ಹೆದರುತ್ತದೆ. ಆ ವಯಸ್ಸಿಗೆ ಬೇಕಾದದ್ದು ನಿಜವಾದ ಎರಡು ಮಾತು.

ಚಿಕ್ಕ ಮಕ್ಕಳ ಅಳು ನನಗೆ ಇಷ್ಟು ತಿಳಿಯಿತು. ಅಳದೆ ಇರುವ ದೊಡ್ಡ ಹುಡುಗರ ವಿಷಯದಲ್ಲಿ ಸೋತೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಾಗಿನಿಂದ ಆ ಊರಿಗೆ ಗಣಿಯೇ ಗಡಿಯಾರ, ಗಣಿಯೇ ಅನ್ನ. ಶಾಫ್ಟಿನ ಚಕ್ರಗಳು ನಿಂತವು. ಸಾವಿರಾರು ಮನೆಗಳ ಗಂಡಸರು ಕತ್ತಲಲ್ಲೇ ಎದ್ದು ಬೆಂಗಳೂರಿನ ರೈಲು ಹಿಡಿದು, ಸಿಕ್ಕಿದ ಕೆಲಸ ಮಾಡಿ, ರಾತ್ರಿ ವಾಪಸು ಬರತೊಡಗಿದರು. ಆಗ ನಾನು ಎಂಟನೇ ತರಗತಿಗೆ ಪಾಠ ಮಾಡುತ್ತಿದ್ದೆ. ಚುರುಕಾಗಿದ್ದ ಒಬ್ಬ ಹುಡುಗ ಹಿಂದಿನ ಬೆಂಚಿಗೆ ಹೋದ. ಲೆಕ್ಕ ಮಾಡಿ ತರುತ್ತಿರಲಿಲ್ಲ, ತೂಕಡಿಸುತ್ತಿದ್ದ. ಒಂದು ದಿನ ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿ, "ಮೀಸೆ ಬರೋ ವಯಸ್ಸು, ನಾಚಿಕೆ ಆಗಲ್ವೇನೋ?" ಎಂದೆ. ತರಗತಿ ನಕ್ಕಿತು. ಮರುದಿನದಿಂದ ಅವನು ಬರಲಿಲ್ಲ.

ಎರಡು ವಾರವಾದ ಮೇಲೆ ಅವರ ಲೈನ್ ಮನೆ ಹುಡುಕಿಕೊಂಡು ಹೋದೆ. "ಸ್ಟೇಷನ್‌ನಲ್ಲಿರ್ತಾನೆ ಟೀಚರ್" ಎಂದಳು ತಾಯಿ. ಗಂಡ ಒಂದು ರಾತ್ರಿ ಬೇಸರದಲ್ಲಿ, "ಒಂದಿನ ಹೋದವನು ಬರೋದೇ ಇಲ್ಲ ನೋಡು" ಎಂದಿದ್ದನಂತೆ. ಅಂದಿನಿಂದ ಹುಡುಗ ಪ್ರತಿ ಸಂಜೆ ಮಾರಿಕುಪ್ಪಂ ಸ್ಟೇಷನ್ನಿಗೆ ಹೋಗಿ ಕೂರುತ್ತಿದ್ದ. ಎಷ್ಟು ಹೊತ್ತಾದರೂ ಅಪ್ಪ ಇಳಿದದ್ದನ್ನು ನೋಡಿಯೇ ಮನೆಗೆ ಬರುತ್ತಿದ್ದ. ಯಾರಿಗೂ ಕಾರಣ ಹೇಳಿರಲಿಲ್ಲ.

ನಾನೂ ಹೋಗಿ ಅವನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತೆ. ಹದಿಮೂರು ವರ್ಷದ ಮೈಯಲ್ಲಿ ಹತ್ತು ತಿಂಗಳ ಕೂಸಿನ ಭಯ: ಹೋದವರು ಬರುವುದಿಲ್ಲವೇನೋ! ಅದರ ಮೇಲೆ, ಯಾರಾದರೂ ನಕ್ಕಾರೆಂಬ ಆ ವಯಸ್ಸಿನದೇ ಇನ್ನೊಂದು ಭಯ. ಎರಡನೆಯದನ್ನು ನಿಜ ಮಾಡಿ ತೋರಿಸಿದವಳು ನಾನೇ. ರೈಲು ಬಂತು, ಅಪ್ಪ ಇಳಿದ. ಹುಡುಗ ಎದ್ದು, ಏನೂ ಆಗಿಲ್ಲವೆಂಬಂತೆ ಅಪ್ಪನ ಚೀಲ ಹಿಡಿದುಕೊಂಡು ನಡೆದ.

ಅವನು ಶಾಲೆಗೆ ಮರಳಿದ, ಪಾಸೂ ಆದ. ಆದರೆ ನನ್ನ ತರಗತಿಯಲ್ಲಿ ಮತ್ತೆಂದೂ ಉತ್ತರಕ್ಕೆ ಕೈ ಎತ್ತಲಿಲ್ಲ. ಎಲ್ಲರ ಮುಂದೆ ಬೈದವಳು ಎಲ್ಲರ ಮುಂದೆ ತಪ್ಪಾಯಿತು ಎನ್ನಬೇಕಿತ್ತು, ಅನ್ನಲಿಲ್ಲ. ಮಕ್ಕಳನ್ನು ಹೊಡೆಯುವುದಷ್ಟೇ ಅಲ್ಲ, ಮನಸ್ಸು ನೋಯಿಸುವುದೂ ಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳಿತು. ನನಗೆ ಅದನ್ನು ಹೇಳಲು ಕಾಯಿದೆ ಬೇಕಿರಲಿಲ್ಲ, ಆ ಹುಡುಗ ಮೊದಲೇ ಹೇಳಿದ್ದ.

ಈಗ ನನ್ನ ಮಗಳು ಬೆಂಗಳೂರಿಗೆ ಕೆಲಸಕ್ಕೆ ಓಡಾಡುತ್ತಾಳೆ. ರೈಲು ಅರ್ಧ ಗಂಟೆ ತಡವಾದರೆ ನಾನು ಗೇಟಿನ ಬಳಿ ನಿಂತಿರುತ್ತೇನೆ. "ನಾನೇನು ಮಗುನಾ ಅಮ್ಮಾ?" ಎಂದು ರೇಗುತ್ತಾಳೆ. ಮಗು ಅವಳಲ್ಲ ಎಂದು ಹೇಗೆ ಹೇಳಲಿ?

ಎಂಬತ್ತು ದಾಟಿದ ಚಿಕ್ಕಮ್ಮ ಈಗ ಬಂಗಾರಪೇಟೆಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ಬಂಡೆ ಸಿಡಿದರೂ ಅಳದೆ ಬಾಗಿಲಲ್ಲಿ ನಿಂತವಳಿಗೆ ಈಗ ಸಂಜೆಯಾದರೆ ಹೆದರಿಕೆ. ಮೊದಮೊದಲು ಅವಳಿಗೆ ನಿದ್ದೆ ಹತ್ತಿದಾಗ ಸದ್ದಿಲ್ಲದೆ ಪೇಟೆಗೆ ಹೋಗಿಬರುತ್ತಿದ್ದೆ. ಒಂದು ದಿನ ಬಂದು ನೋಡಿದರೆ ಹೊಸ್ತಿಲ ಮೇಲೆ ಕೂತು ಗೇಟನ್ನೇ ನೋಡುತ್ತಿದ್ದಾಳೆ! ಈಗ ಅವಳನ್ನು ಎಬ್ಬಿಸಿ ಹೇಳುತ್ತೇನೆ: "ಚಿಕ್ಕಮ್ಮಾ, ತರಕಾರಿಗೆ ಹೋಗ್ತೀನಿ. ಆರು ಗಂಟೆಗೆ ಬರ್ತೀನಿ."

ಗಡಿಯಾರ ನೋಡಿ ತಲೆಯಾಡಿಸುತ್ತಾಳೆ. ನಾನು ಆರಕ್ಕೆ ಐದು ನಿಮಿಷ ಇರುವಾಗಲೇ ಬಂದುಬಿಡುತ್ತೇನೆ.