ಮಾವನ ಆಕ್ಷೇಪಣೆ

ನಂಜನಗೂಡು ರಸ್ತೆಯ ಸಿಗ್ನಲ್ಲಿನಲ್ಲಿ ಕಾರು ನಿಂತಿದ್ದೇ ತಡ, ಟೋಪಿ ಹಾಕಿಕೊಂಡ ಹುಡುಗನೊಬ್ಬ ಕಿಟಕಿಯೊಳಗೆ ಒಂದು ಕರಪತ್ರ ತೂರಿಸಿ ಹೋದ. ಅರಮನೆಗೆ ಹತ್ತಿರ, ಚಾಮುಂಡಿಬೆಟ್ಟದ ವ್ಯೂ, ಹಸಿರಿನ ಮಡಿಲಲ್ಲಿ ನಿಮ್ಮ ಕನಸಿನ ನಿವೇಶನ. ಮಡಿಲಲ್ಲಿ ಇಷ್ಟೊಂದು ನಿವೇಶನ ಕೂತುಬಿಟ್ಟರೆ ಹಸಿರು ಎಲ್ಲಿ ಕೂರಬೇಕು ಅನ್ನುವುದು ಅದರಲ್ಲಿರಲಿಲ್ಲ. ಹಾಗಂತ ಹರಿದು ಬಿಸಾಡಲೂ ಇಲ್ಲ, ಮಡಿಸಿ ಜೇಬಿಗಿಟ್ಟುಕೊಂಡೆ. ಮೈಸೂರಿಗೆ ಬಂದಿದ್ದು ಸೋದರಮಾವನನ್ನು ನೋಡಲು ಅಂತ ಮನೆಯಲ್ಲಿ ಹೇಳಿದ್ದೆ. ನಿಜವಾಗಿ ಬಂದಿದ್ದು ಸೈಟು ನೋಡಲು.

ಬೆಂಗಳೂರಿನವರಿಗೆಲ್ಲ ಈಗ ಇದೊಂದು ಚಟ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ಮೈಸೂರು ಪಕ್ಕದ ಓಣಿಯ ಹಾಗಾಗಿದೆ. ಶನಿವಾರ ಬೆಳಿಗ್ಗೆ ಹೊರಟು ಮದ್ದೂರಲ್ಲಿ ವಡೆ ತಿಂದು, ಹನ್ನೊಂದಕ್ಕೆ ಯಾರದೋ ರಾಗಿಹೊಲದಲ್ಲಿ ನಿಂತು, ಪೂರ್ವ ಯಾವ ಕಡೆ ಅಂತ ಮೊಬೈಲು ತಿರುಗಿಸುವುದು.

ಮಾವನ ಮುಂದೆ ಸೈಟಿನ ಸುದ್ದಿ ಎತ್ತುವ ಹಾಗಿಲ್ಲ. ಸರ್ವೆ ಇಲಾಖೆಯಲ್ಲಿ ಚೈನು ಹಿಡಿದು ರಿಟೈರಾದವರು. ಮೂವತ್ತಮೂರು ಅಡಿಯ ಚೈನು. ಒಂದು ಚೈನು ಉದ್ದ, ಒಂದು ಚೈನು ಅಗಲ ಸೇರಿದರೆ ಒಂದು ಗುಂಟೆ. ಗುಂಟೆಗೆ ಹದಿನಾರು ಆಣೆ. ಅವರು ಜಗತ್ತನ್ನೇ ಈ ಲೆಕ್ಕದಲ್ಲಿ ಅಳೆಯುತ್ತಾರೆ. ನನ್ನ ಬೆಂಗಳೂರಿನ ಫ್ಲಾಟಿಗೆ ಗೃಹಪ್ರವೇಶಕ್ಕೆ ಬಂದಾಗ ಹಾಲಿನ ನಡುವೆ ನಿಂತು ಸುತ್ತ ಒಮ್ಮೆ ನೋಡಿ, "ಮೂರಾಣೆ ಇದೆ" ಅಂದರು. ಬಂದವರು ಬೆಲೆ ಹೇಳುತ್ತಿದ್ದಾರೆಂದು ತಿಳಿದು ನಕ್ಕರು. ಜನ ಥರ್ಟಿ ಫಾರ್ಟಿ ಅಂತ ಬಾಯಿ ಬಿಡುವ ಸೈಟು ಮಾವನ ಲೆಕ್ಕದಲ್ಲಿ ಒಂದು ಗುಂಟೆ ಒಂದೂವರೆ ಆಣೆ ಚಿಲ್ಲರೆ. "ಒಂದು ಗುಂಟೆ ಕೊಳ್ಳೋಕೆ ಜೀವಮಾನ ಸಾಲ ಮಾಡ್ತೀರಲ್ಲೋ!"

ರಿಟೈರಾದ ಮೇಲೆ ಅವರಿಗೆ ಹಿಡಿದಿರುವುದು ಆಕ್ಷೇಪಣೆ ಬರೆಯುವ ಹುಚ್ಚು. ಪೇಪರಿನಲ್ಲಿ ಭೂಸ್ವಾಧೀನದ ನೋಟಿಸು ಬಂತೆಂದರೆ ಬೇರೆ ಯಾವ ಸುದ್ದಿಯನ್ನೂ ಓದುವುದಿಲ್ಲ. ಸರ್ವೆ ನಂಬರುಗಳ ಮೇಲೆ ಬೆರಳಾಡಿಸುತ್ತಾ, ಒಂದೊಂದು ನಂಬರಿಗೂ "ಓ, ಇದು ಜೋಡಿಬಾವಿ ಹೊಲ", "ಇಲ್ಲೊಂದು ಹುಣಸೆಮರ ಇತ್ತು" ಅಂತ ನೆಂಟರ ಹೆಸರು ಹೇಳಿದ ಹಾಗೆ ಹೇಳುತ್ತಾರೆ. ಮೂವತ್ತು ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು ಅಂತಿದ್ದರೆ ಇವರದು ಮೂರನೆಯ ದಿನಕ್ಕೇ ಸಿದ್ಧ, ಕಾರ್ಬನ್ ಹಾಳೆ ಇಟ್ಟು ಎರಡು ಪ್ರತಿ. ಆ ಜಮೀನಿಗೂ ಇವರಿಗೂ ಸಂಬಂಧವಿಲ್ಲ. "ನೀವು ಖಾತೆದಾರರಾ?" ಅಂತ ಗುಮಾಸ್ತ ಕೇಳಿದರೆ "ಅಳತೆದಾರ" ಅನ್ನುತ್ತಾರಂತೆ.

ಬೆಂಗಳೂರಿನ ನೋಟಿಸುಗಳನ್ನೂ ಬಿಡುವುದಿಲ್ಲ. 2008ರಲ್ಲಿ ಯಲಹಂಕದ ಕಡೆ ಹದಿನೇಳು ಹಳ್ಳಿಗಳ ಮೂರೂವರೆ ಸಾವಿರ ಎಕರೆಗೆ ನೋಟಿಸು ಹೊರಟು, ಆ ಬಡಾವಣೆಗೆ ಶಿವರಾಮ ಕಾರಂತರ ಹೆಸರಿಟ್ಟರಲ್ಲ, ಅದನ್ನು ಮಾವ ಇವತ್ತಿಗೂ ಜೀರ್ಣಿಸಿಕೊಂಡಿಲ್ಲ. ಕೈಗಾ ಅಣುಸ್ಥಾವರ ಬೇಡ ಅಂತ ಆ ಇಳಿವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೆ ನಿಂತ ಮನುಷ್ಯ ಅವರು! "ಬದುಕಿದ್ದಿದ್ರೆ ಮೊದಲನೇ ಆಕ್ಷೇಪಣೆ ಅವರದ್ದೇ ಕಣೋ, ಎರಡನೇದು ನಂದು" ಅನ್ನುತ್ತಾರೆ.

ಮಾವನ ಈ ಹುಚ್ಚಿನ ಬೇರು ಎಲೆತೋಟದಲ್ಲಿದೆ ಅಂತ ನನ್ನ ಗುಮಾನಿ. ಪೂರ್ಣಯ್ಯನ ನಾಲೆಯಿಂದ ವಿದ್ಯಾರಣ್ಯಪುರದ ಕಡೆಗೆ ಒಂದು ಕಾಲಕ್ಕೆ ನೂರು ಎಕರೆ ವೀಳ್ಯದೆಲೆ ತೋಟ ಹಬ್ಬಿತ್ತು. ನಾಲೆಯ ಕತೆಯೇ ಒಂದು ತಮಾಷೆ: ದಿವಾನ್ ಪೂರ್ಣಯ್ಯ ಕಾವೇರಿಯನ್ನು ಮೈಸೂರಿಗೆ ಕರೆತರಲು ತೋಡಿಸಿದ್ದು, ಕಾವೇರಿ ಬರಲೇ ಇಲ್ಲ, ಈಗ ಊರಿನ ಮೋರಿ ನೀರು ಹರಿಯುತ್ತದೆ. ಎಲೆ ಮಾತ್ರ ಹೆಸರು ಮಾಡಿತು. ನನಗೆ ಏಳೆಂಟು ವರ್ಷವಿದ್ದಾಗ ಮಾವ ಒಳಗೆ ಕರೆದುಕೊಂಡು ಹೋಗಿದ್ದರು. ತೋಟದಾಕೆ ಚಪ್ಪಲಿ ಹೊರಗೆ ಬಿಡಿಸಿದಳು. ಹೊರಗೆ ಸುಡುಬಿಸಿಲು, ಒಳಗೆ ಕಾಲು ಹೂತುಹೋಗುವಷ್ಟು ತಂಪು ಮಣ್ಣು. ನುಗ್ಗೆ, ಹಾಲವಾಣದ ಮರಗಳಿಗೆ ಬಳ್ಳಿಯನ್ನು ಬಾಳೆನಾರಿನಿಂದ ಕಟ್ಟಿದ್ದರು, ಮಗುವಿಗೆ ಉಡಿದಾರ ಕಟ್ಟಿದ ಹಾಗೆ, ಬಿಗಿಯೂ ಅಲ್ಲ ಸಡಿಲವೂ ಅಲ್ಲ. ಆಕೆ ಕಿತ್ತುಕೊಟ್ಟ ಚಿಗುರೆಲೆ ಹಲ್ಲಿಗೆ ಸಿಗುವ ಮೊದಲೇ ಕರಗಿ, ಆಮೇಲೆ ನಾಲಿಗೆ ಚುರ್ರೆಂದಿತು. ಈಗ ಆ ಎಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಭೂಗೋಳ ಮಾತ್ರ ಕಾಂಪೌಂಡು, ಕಲ್ಯಾಣಮಂಟಪಗಳ ನಡುವೆ ತುಂಡುತುಂಡಾಗಿದೆ.

ಹೀಗೆ ಗೊಣಗುವ ಹಕ್ಕು ನನಗೆಷ್ಟಿದೆ? ನಾವು ಬೆಳೆದ ಕುವೆಂಪುನಗರದ ಮನೆಯೂ ಹೊಲದ ಮೇಲೆ ಎದ್ದಿದ್ದೇ. ಹೊಸದರಲ್ಲಿ ರಾತ್ರಿ ನರಿ ಕೂಗುತ್ತಿತ್ತು ಅಂತ ಅಮ್ಮ ಹೇಳುತ್ತಿದ್ದಳು. ಪ್ಲೇಗು ಬಂದು ಹೋದಮೇಲೆ 1903ರಲ್ಲಿ ಮಹಾರಾಜರ ಸರ್ಕಾರ ಊರು ಸುಧಾರಣೆಗೆಂದು ಟ್ರಸ್ಟ್ ಬೋರ್ಡ್ ಮಾಡಿದಾಗಿನಿಂದ ಮೈಸೂರು ಬಡಾವಣೆಯ ಮೇಲೆ ಬಡಾವಣೆಯಾಗಿಯೇ ಬೆಳೆದದ್ದು. ಆದರೆ ಅಲ್ಲಿ ಸೈಟು ತೆಗೆದುಕೊಂಡವರು ಸೊಸೈಟಿಯಲ್ಲಿ ಸಾಲ ಎತ್ತಿ ಮನೆ ಕಟ್ಟಿದರು, ಮಾವಿನ ಗಿಡ ನೆಟ್ಟರು, ಪಕ್ಕದ ಮನೆಯವರೊಡನೆ ಜಗಳವಾಡಿದರು. ರಿಂಗ್ ರಸ್ತೆಯಾಚೆ ನಾನು ಅವತ್ತು ಸುತ್ತಿದ ಬಡಾವಣೆಗಳಲ್ಲಿ ಜಗಳವಾಡಲೂ ಒಬ್ಬರಿಲ್ಲ. ಕಮಾನು, ಗಾರೆಯ ನವಿಲು, ಟಾರು ರಸ್ತೆ, ದೀಪದ ಕಂಬ, ನಂಬರು ಬರೆದ ಕಲ್ಲು, ಎದೆಮಟ್ಟ ಕಾಂಗ್ರೆಸ್ ಗಿಡ. ಕೊಂಡವರು ಬೆಂಗಳೂರಲ್ಲೋ ಅಮೆರಿಕದಲ್ಲೋ ಕೂತು ರೇಟು ಏರುವುದನ್ನು ಕಾಯುತ್ತಿದ್ದಾರೆ. ರಾಗಿ ಹೋಯಿತು, ಮನೆ ಬರಲಿಲ್ಲ. ಹುರುಳಿಯಾದರೂ ಬಿತ್ತಿದ್ದರೆ ಮೂರು ತಿಂಗಳಿಗೊಂದು ಬಸ್ಸಾರಾಗುತ್ತಿತ್ತು. ತೋರಿಸಲು ಬಂದಿದ್ದ ಏಜೆಂಟನನ್ನು "ಇದು ಮೊದಲು ಏನಾಗಿತ್ತು?" ಅಂತ ಕೇಳಿದೆ. "ಏನೂ ಇರಲಿಲ್ಲ ಸಾರ್, ಬರೀ ಹೊಲ. ಕನ್ವರ್ಷನ್ ಆಗಿದೆ, ಟೈಟಲ್ ಕ್ಲಿಯರ್" ಅಂದ.

ಸಂಜೆ ಮಾವನ ಮನೆಗೆ ಹೋದೆ. ಅತ್ತೆ ಕೊಟ್ಟ ಕಾಫಿಗೆ ಕೈ ಚಾಚಿದಾಗ ಜೇಬಿನಿಂದ ಕರಪತ್ರ ಜಾರಿ ಬಿತ್ತು. ಮಾವ ಎತ್ತಿಕೊಂಡು, ಕನ್ನಡಕ ಹಾಕಿಕೊಂಡು, ಸರ್ವೆ ನಂಬರು ಓದಿದರು. ಬೈಗುಳಕ್ಕೆ ಸಿದ್ಧನಾದೆ.

"ನಿಮ್ಮಪ್ಪನ ಸೈಟಿಗೂ ನಾನೇ ಕಣೋ ಚೈನು ಹಿಡಿದಿದ್ದು" ಅಂದರು. "ನಿಮ್ಮ ಅಡುಗೆಮನೆ ಇದೆಯಲ್ಲ, ಅದು ಬದು. ಆ ಹೊಲದವನು ಬದುವಿನ ಮೇಲೆ ಕೂತು ಇಡೀ ದಿನ ನೋಡ್ತಿದ್ದ. ಒಂದು ಮಾತಾಡಲಿಲ್ಲ. ಮಧ್ಯಾಹ್ನ ನಮಗೆಲ್ಲ ಮಜ್ಜಿಗೆ ಕೊಟ್ಟ."

ಆಮೇಲೆ ಕರಪತ್ರವನ್ನು ತಿರುಗಿಸಿ ನೋಡಿದರು. "ಹಿಂದೆ ಖಾಲಿ ಇದೆ" ಅಂತ ಪೆನ್ನಿನ ಕ್ಯಾಪು ಬಿಚ್ಚಿ, ಮೇಲೆ 'ಇವರಿಗೆ' ಅಂತ ಬರೆಯಲು ಹೊರಟರು. ಹೊಳಪಿನ ಕಾಗದ, ಮಸಿ ಹಿಡಿಯಲಿಲ್ಲ. ಜಾರಿ ಗೋಲಿಯಾಗಿ ಅಂಗೈಗೆ ಬಂತು. ಲುಂಗಿಗೆ ಒರೆಸಿಕೊಂಡು ಒಳಗೆ ಮುಖ ಮಾಡಿ ಕೂಗಿದರು:

"ಲೇ, ಹೋದ ತಿಂಗಳ ಕ್ಯಾಲೆಂಡರ್ ಹಾಳೆ ಎಲ್ಲಿಟ್ಟಿದ್ದೀಯೆ?"