ಅಜ್ಜಿಯ ಕೆನ್ನೆ, ಬ್ರಷ್ಷಿನ ನಡೆ

ಪ್ರೀತಿಯ ಗೆಳತಿ,

ನೀವು ಕಳಿಸಿದ ಚಿತ್ರಗಳನ್ನು ನೋಡಿದೆ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಅಜ್ಜಿಯ ಮುಖವನ್ನು ಮಾಡಲು ಕೂತಿದ್ದೀರಿ ಎಂಬುದೇ ನನಗೆ ದೊಡ್ಡ ಸಂತೋಷ. ಮೂಗಿನ ಇಳಿಜಾರು, ಗಲ್ಲದ ಚೂಪು ನೋಡಿದರೆ ಇದು ಯಾರೋ ಒಬ್ಬ ಅಜ್ಜಿಯಲ್ಲ, ನಿಮ್ಮ ಅಜ್ಜಿಯೇ ಎಂದು ಆಗಲೇ ಅನ್ನಿಸುತ್ತದೆ. ಆದರೆ ಕೆನ್ನೆಯ ಮೇಲೆ ಎಳೆದದ್ದೆಲ್ಲ ಗಂಟುಗಂಟಾಗಿ ಬರುತ್ತದೆ, ಯಾವ ಬ್ರಷ್ ಕೊಂಡರೆ ಸರಿಹೋದೀತು ಎಂದು ಕೇಳಿದ್ದೀರಿ. ದಯವಿಟ್ಟು ಯಾವುದನ್ನೂ ಕೊಳ್ಳಬೇಡಿ. ಬೇಕಾದದ್ದೆಲ್ಲ ನಿಮ್ಮ ಹತ್ತಿರವೇ ಇದೆ. ಈಗ ನೀವು ತಿಳಿಯಬೇಕಾದದ್ದು ಸ್ಟ್ರೋಕನ್ನು, ಅಂದರೆ ಬ್ರಷ್ಷಿನ ಎಳೆತವನ್ನು.

ನಾವು ಗೆರೆ ಎಳೆದೆವು ಅಂದುಕೊಳ್ಳುತ್ತೇವೆ. ಕಂಪ್ಯೂಟರಿಗೆ ಗೆರೆ ಎಂಬುದೇ ಇಲ್ಲ. ಪೆನ್ನೋ ಮೌಸೋ ಹೋದ ದಾರಿಯಲ್ಲಿ ಅದು ಒಂದಾದ ಮೇಲೊಂದು ಅಚ್ಚು ಒತ್ತುತ್ತಾ ಹೋಗುತ್ತದೆ. ಪ್ರತಿ ಅಚ್ಚೂ ತನ್ನ ಸುತ್ತಳತೆಯೊಳಗೆ ಸಿಕ್ಕ ಮೆಶ್‌ನ, ಅಂದರೆ ಆಕಾರವನ್ನು ಹಿಡಿದಿರುವ ಬಲೆಯ, ಬಿಂದುಗಳನ್ನು ತುಸು ಮೇಲೆತ್ತುತ್ತದೆ. ನಡುವೆ ಹೆಚ್ಚು, ಅಂಚಿಗೆ ಬರುತ್ತಾ ಕಡಿಮೆ. ಮಲ್ಲಿಗೆಯನ್ನು ಒತ್ತಾಗಿ ಕಟ್ಟಿದರೆ ದಂಡೆಯಾಗಿ ಕಾಣುತ್ತದೆ, ಸಡಿಲವಾಗಿ ಕಟ್ಟಿದರೆ ಒಂದೊಂದು ಹೂವೂ ಬೇರೆ ಕಾಣುತ್ತದೆ. ನಿಮ್ಮ ಅಜ್ಜಿಯ ಕೆನ್ನೆಯಲ್ಲಿ ಆಗಿರುವುದು ಎರಡನೆಯದು. ಸ್ಟ್ರೋಕ್ ವಿಭಾಗದಲ್ಲಿ ಸ್ಪೇಸಿಂಗ್ ಎಂಬುದಿದೆ ನೋಡಿ, ಅದು ಬ್ರಷ್ಷಿನ ಗಾತ್ರದ ಶೇಕಡಾವಾರು ಲೆಕ್ಕ. ಅದನ್ನು 10ರ ಆಸುಪಾಸಿಗೆ ಇಳಿಸಿ ಮತ್ತೆ ಎಳೆದು ನೋಡಿ.

ಅಲ್ಲೇ ಪಕ್ಕದಲ್ಲಿ ಸ್ಟ್ರೋಕ್ ಮೆಥಡ್ ಕೂಡ ಇದೆ. ನಿಮ್ಮ ಚಿತ್ರದ ಮೂಲೆಯಲ್ಲಿ ‘ಡಾಟ್ಸ್’ ಎಂದು ಕಂಡಿತು. ಅದರಲ್ಲಿ ಸ್ಪೇಸಿಂಗ್ ಲೆಕ್ಕಕ್ಕೆ ಬರುವುದಿಲ್ಲ, ಕೈ ಚಲಿಸಿದ ಸುದ್ದಿ ಬಂದಾಗಲೆಲ್ಲ ಒಂದು ಅಚ್ಚು ಬೀಳುತ್ತದೆ. ಕೈ ಬೇಗ ಓಡಿದರೆ ನಡುವೆ ತೆರಪು, ನಿಧಾನಿಸಿದರೆ ಗುಡ್ಡೆ. ‘ಸ್ಪೇಸ್’ ಆರಿಸಿದರೆ ಅಚ್ಚುಗಳು ಆ ಸ್ಪೇಸಿಂಗ್‌ನಂತೆ ದೂರ ಅಳೆದು ಬೀಳುತ್ತವೆ, ಕೈಯ ವೇಗದ ಹಂಗಿಲ್ಲ. ‘ಏರ್‌ಬ್ರಷ್’ ಸಮಯ ನೋಡಿ ಒತ್ತುತ್ತದೆ, ಪೆನ್ನು ನಿಂತಲ್ಲೇ ನಿಂತರೂ ಅಚ್ಚು ಬೀಳುತ್ತಲೇ ಇರುತ್ತದೆ. ‘ಆ್ಯಂಕರ್ಡ್’ ಒಂದೇ ಅಚ್ಚನ್ನು ಇಟ್ಟು ಎಳೆದಷ್ಟು ಹಿಗ್ಗಿಸುತ್ತದೆ. ಚರ್ಮದ ರಂಧ್ರಗಳ ಕಪ್ಪುಬಿಳುಪು ಚಿತ್ರವನ್ನು ಒಂದು ಜಾಗದಲ್ಲಿ ಒತ್ತುವ ಹೊತ್ತಿಗೆ ಇದು ನೆನಪಿರಲಿ. ಸದ್ಯಕ್ಕೆ ‘ಸ್ಪೇಸ್’ ಸಾಕು.

ಕೈ ನಡುಗಿ ಗೆರೆ ಸೊಟ್ಟಗಾಗುತ್ತದೆ ಎಂದೂ ಬರೆದಿದ್ದೀರಿ. ಸ್ಟೆಬಿಲೈಸ್ ಸ್ಟ್ರೋಕ್ ಆನ್ ಮಾಡಿಕೊಳ್ಳಿ. ಝೀಬ್ರಷ್ ಎಂಬ ಇನ್ನೊಂದು ತಂತ್ರಾಂಶ ಬಳಸುವವರು ಲೇಝಿ ಮೌಸ್ ಅನ್ನುವುದು ಇದೇ ಬಗೆಯ ನೆರವನ್ನು. ಬ್ರಷ್ಷು ಪೆನ್ನಿಗಿಂತ ಒಂದಿಷ್ಟು ಹಿಂದೆ, ಎಳೆದುಕೊಂಡು ಬಂದಂತೆ ಬರುತ್ತದೆ. ಹಾಗಾಗಿ ಸಣ್ಣ ನಡುಕ ಗೆರೆಗೆ ತಾಗುವುದಿಲ್ಲ. ರೆಪ್ಪೆಯ ಅಂಚು, ತುಟಿಯ ಅಂಚು ಎಳೆಯುವಾಗ ಇದರ ಉಪಕಾರ ಗೊತ್ತಾಗುತ್ತದೆ. ಕೆನ್ನೆ ತುಂಬುವಾಗ ಮಾತ್ರ ಆಫ್ ಮಾಡಿ, ಅಲ್ಲಿ ಕೈಗೆ ಸ್ವಾತಂತ್ರ್ಯ ಬೇಕು.

ಮೌಸಿನಲ್ಲೇ ಕೆಲಸ ಮಾಡುತ್ತಿದ್ದೀರಲ್ಲ, ಅದರಲ್ಲಿ ಒತ್ತಡ ಇಲ್ಲ. ಪೆನ್ ಟ್ಯಾಬ್ಲೆಟ್‌ನಲ್ಲಿ ಗೆರೆ ತೆಳುವಾಗಿ ಹುಟ್ಟಿ, ನಡುವೆ ತುಂಬಿ, ತೆಳುವಾಗಿ ಮುಗಿಯುತ್ತದೆ. ಮೌಸಿನ ಗೆರೆ ಶುರುವಾದಂತೆಯೇ ಮುಗಿಯುತ್ತದೆ. ಟ್ಯಾಬ್ಲೆಟ್ ಬರುವವರೆಗೆ ಕಾಯಬೇಕಾಗಿಲ್ಲ. ಶಿಫ್ಟ್ ಜೊತೆ ಎಫ್ ಒತ್ತಿ ಸ್ಟ್ರೆಂತ್ ಚೆನ್ನಾಗಿ ಇಳಿಸಿ, ಒಂದೇ ಏಟಿಗೆ ಎಬ್ಬಿಸುವ ಬದಲು ಹತ್ತು ಮೆಲುಗೆರೆಗಳಲ್ಲಿ ಕಟ್ಟಿ. ನನಗಂತೂ ಆ ಅಭ್ಯಾಸವೇ ಹೆಚ್ಚು ಒಳ್ಳೆಯದೆನಿಸುತ್ತದೆ, ಯಾಕೆಂದರೆ ಪ್ರತಿ ಗೆರೆಗೂ ಕಣ್ಣು ಒಮ್ಮೆ ಆಕಾರವನ್ನು ನೋಡುತ್ತದೆ.

ಈಗ ಕೆನ್ನೆಗೆ ಬನ್ನಿ. ಕ್ಲೇ ಸ್ಟ್ರಿಪ್ಸ್ ತೆಗೆದುಕೊಳ್ಳಿ. ಅದರ ಅಚ್ಚು ಚೌಕ, ಮಣ್ಣಿನ ಪಟ್ಟಿ ಅಂಟಿಸಿದಂತೆ ಬೀಳುತ್ತದೆ. ಕೆನ್ನೆಮೂಳೆಯಿಂದ ಬಾಯಿಯ ಮೂಲೆಗೆ ಇಳಿಯುವ ಸ್ನಾಯು ಇದೆಯಲ್ಲ, ನಗುವಾಗ ತುಟಿಯನ್ನು ಮೇಲೆಳೆಯುವುದು, ಆ ದಿಕ್ಕಿನಲ್ಲೇ ಮೊದಲು ಎಳೆಯಿರಿ. ಆಮೇಲೆ ಅದಕ್ಕೆ ಅಡ್ಡವಾಗಿ ಇನ್ನಷ್ಟು ಹಗುರ ಗೆರೆಗಳು. ಉದ್ದದ ಗೆರೆ ಮಾಂಸದ ಸೆಳೆತ ಹೇಳುತ್ತದೆ, ಅಡ್ಡಗೆರೆ ಗುಂಡನೆಯ ತಿರುವನ್ನು. ಕೆನ್ನೆ ಒರಟಾಗಿ ಕಂಡರೆ ಹೆದರಬೇಡಿ. ಶಿಫ್ಟ್ ಹಿಡಿದು ಸ್ಮೂದ್ ಮಾಡುವ ಆಸೆಯನ್ನು ತಡೆದುಕೊಳ್ಳಿ. ಸ್ಮೂದ್ ಪ್ರತಿ ಬಿಂದುವನ್ನೂ ಅಕ್ಕಪಕ್ಕದವುಗಳ ಸರಾಸರಿಗೆ ಎಳೆಯುತ್ತದೆ, ಹಾಗಾಗಿ ಉಬ್ಬು ಕರಗುತ್ತದೆ, ಮೂಗಿನ ತುದಿ ಸವೆಯುತ್ತದೆ. ನಿಮ್ಮ ಎರಡನೇ ಚಿತ್ರದಲ್ಲಿ ಅಜ್ಜಿಯ ತುಟಿ ಮೊದಲನೆಯದಕ್ಕಿಂತ ತೆಳ್ಳಗಾಗಿರುವುದು ಇದರಿಂದಲೇ ಇರಬೇಕು.

ಕಿವಿಯ ಹಿಂಬದಿ ತಾನಾಗಿ ಕೆಡುತ್ತದೆ ಎಂದಿರಿ. ಬ್ರಷ್ಷಿನ ವೃತ್ತ ತೆರೆಯ ಮೇಲೆ ಚಪ್ಪಟೆಯಾಗಿ ಕಂಡರೂ ಅದು ನಿಜಕ್ಕೂ ಗೋಳ. ಕಿವಿ ತೆಳುವಾದ್ದರಿಂದ ಹಿಂದಿನ ಬಿಂದುಗಳೂ ಆ ಗೋಳದೊಳಗೆ ಸಿಕ್ಕಿಬೀಳುತ್ತವೆ. ಬ್ರಷ್ಷಿನ ಆಯ್ಕೆಗಳಲ್ಲಿ ‘ಫ್ರಂಟ್ ಫೇಸಸ್ ಓನ್ಲಿ’ ಗುರುತು ಹಾಕಿ, ಇಲ್ಲವೇ ಬ್ರಷ್ ತಾಗದಂತೆ ಹಿಂಬದಿಗೆ ಮಾಸ್ಕ್ ಬಳಿಯಿರಿ.

ಸುಕ್ಕುಗಳನ್ನು ಕೊನೆಗಿಡಿ. ಬಿಂದುಗಳ ನಡುವಿನ ಅಂತರಕ್ಕಿಂತ ಸಣ್ಣ ಸುಕ್ಕು ಯಾವ ಬ್ರಷ್ಷಿಗೂ ಬರುವುದಿಲ್ಲ. ಮೆಶ್ಶನ್ನು ಹಂತಹಂತವಾಗಿ ಸಣ್ಣದಾಗಿ ಒಡೆಯುವ ಮಲ್ಟಿರೆಸ್‌ನಲ್ಲಿ ಪ್ರತಿ ಹಂತಕ್ಕೂ ಮೆಶ್‌ನ ಮುಖಗಳು (ಫೇಸ್‌ಗಳು) ನಾಲ್ಕು ಪಟ್ಟಾಗುತ್ತವೆ. 6 ಮುಖದ ಘನ ಆರನೇ ಹಂತಕ್ಕೆ 24,576 ಮುಖದ ಮೆಶ್ ಆಗುತ್ತದೆ. ಇಷ್ಟೂ ಬಿಂದುಗಳ ಮೇಲೆ ದೊಡ್ಡ ಆಕಾರವನ್ನು ತಿದ್ದಹೊರಟರೆ ಎಲ್ಲೆಡೆ ಉಬ್ಬುತಗ್ಗು. ಗಲ್ಲ, ದವಡೆ, ಕಣ್ಣಗುಳಿ ಎಲ್ಲವನ್ನೂ ಕೆಳಗಿನ ಹಂತದಲ್ಲೇ ಗ್ರ್ಯಾಬ್ ಬ್ರಷ್ಷಿನಿಂದ ಎಳೆದು ಮುಗಿಸಿ.

ಸುಕ್ಕು ಸ್ನಾಯುವಿನ ಸೆಳೆತಕ್ಕೆ ಅಡ್ಡವಾಗಿ ಬೀಳುತ್ತದೆ. ಹಣೆಯ ಸ್ನಾಯು ಹುಬ್ಬನ್ನು ಮೇಲಕ್ಕೆ ಎಳೆಯುವುದರಿಂದ ಅಲ್ಲಿನ ಸುಕ್ಕು ಅಡ್ಡ; ಕಣ್ಣಿನ ಸುತ್ತಲಿನ ಸ್ನಾಯು ಉಂಗುರದಂತಿರುವುದರಿಂದ ಕಣ್ಣಂಚಿನ ಸುಕ್ಕು ಹೊರಗೆ ಹರಡುತ್ತದೆ. ಕ್ರೀಸ್ ಬ್ರಷ್ಷಿನಿಂದ ತೆಳುವಾಗಿ ಕೊರೆಯಿರಿ, ಅಷ್ಟಕ್ಕೇ ಬಿಟ್ಟರೆ ಅದು ಚಾಕುವಿನ ಗೀರು. ಎರಡೂ ದಡದ ಚರ್ಮವನ್ನು ಇನ್‌ಫ್ಲೇಟ್‌ನಿಂದ ಒಂದು ಚೂರು ಉಬ್ಬಿಸಿ, ಒಂದು ದಡ ಇನ್ನೊಂದಕ್ಕಿಂತ ಎತ್ತರವಿರಲಿ. ಎಡಬಲವನ್ನು ಒಟ್ಟಿಗೆ ತಿದ್ದುವ ಎಕ್ಸ್ ಸಿಮೆಟ್ರಿಯನ್ನು ಆ ಹೊತ್ತಿಗೆ ತೆಗೆದುಬಿಡಿ. ಎಡಬಲ ಒಂದೇ ಥರ ಸುಕ್ಕುಗಟ್ಟಿದ ಮುಖವನ್ನು ನಾನು ಇದುವರೆಗೆ ಕಂಡಿಲ್ಲ.

ಮುಂದಿನ ಸಲ ಎದುರಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ಕಳಿಸಿ, ಸುಕ್ಕು ಹಾಕುವ ಮೊದಲೇ. ಅಜ್ಜಿಯ ಒಂದು ಹಳೆಯ ಫೋಟೋ ಕೂಡ ಜೊತೆಗಿಡಿ. ದವಡೆಯ ಅಗಲದ ಬಗ್ಗೆ ನನಗೊಂದು ಅನುಮಾನವಿದೆ.

ನಿಮ್ಮ ಗೆಳತಿ